ಹಳೇ ಎಂಜಿನ್‌ನ ತಲೆಗೆ ಆಯಿಲ್ ಏರುತ್ತಿಲ್ಲವೇ? ತಾಮ್ರದ ಪೈಪ್ ಹಾಕಿಸುವ ಮೊದಲು ಇದನ್ನು ಓದಿ

ಹಳೇ ಟ್ರ್ಯಾಕ್ಟರ್, ಹಳೇ ಬುಲೆಟ್ ಇಟ್ಟುಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಆಗಾಗ ತಿರುಗುತ್ತಿರುತ್ತದೆ. ಎಂಜಿನ್ ಮೇಲ್ಭಾಗದಲ್ಲಿ ಟಕ್ ಟಕ್ ಸದ್ದು ಬಂದರೆ ಅಲ್ಲಿಗೆ ಆಯಿಲ್ ಏರುತ್ತಿಲ್ಲ ಎಂದರ್ಥ. ಆಯಿಲ್ ಗೇಜ್ ಕೂಡುವ ಜಾಗದಲ್ಲಿ ಒಂದು ಟಿ ಹಾಕಿ, ಅಲ್ಲಿಂದ ತಾಮ್ರದ ಪೈಪ್ ಎಳೆದು ಟ್ಯಾಪೆಟ್ ಕವರ್ ಒಳಗೆ ಬಿಡಿ, ಎಂಜಿನ್ ಆಯುಷ್ಯ ಎರಡರಷ್ಟಾಗುತ್ತದೆ ಎನ್ನುತ್ತದೆ ಅದು. ಇದರ ಜೊತೆಗೆ ಬಾಲದಂತೆ ಇನ್ನೂ ಕೆಲವು ಮಾತು ಸೇರಿಕೊಳ್ಳುತ್ತವೆ: ದಪ್ಪ ಆಯಿಲ್ ಹಾಕಿ, ಸ್ವಲ್ಪ ಗೇರ್ ಆಯಿಲ್ ಬೆರೆಸಿ, ಸೀಮೆಎಣ್ಣೆ ಹಾಕಿ ತೊಳೆಯಿರಿ, ಹರಳೆಣ್ಣೆ ಹಾಕಿದರೆ ಇನ್ನೂ ಒಳ್ಳೆಯದು.

ಚುಟುಕಾಗಿ ಹೇಳುವುದಾದರೆ, ಪೈಪ್‌ನ ವಿಚಾರ ಅರ್ಧ ನಿಜ. ಉಳಿದವುಗಳಲ್ಲಿ ಹೆಚ್ಚಿನವು ತಪ್ಪು, ಕೆಲವು ಅಪಾಯ. ಅರ್ಧ ನಿಜವಾದ ಸಲಹೆಯೇ ಹೆಚ್ಚು ದುಬಾರಿ ಆಗುವುದರಿಂದ ಅದನ್ನೇ ಮೊದಲು ನೋಡೋಣ.

ಯಾರಿಗೆ ಇದು ಮುಖ್ಯ?

ಸಿದ್ದಾಪುರ, ಕಾರಟಗಿ, ಗಂಗಾವತಿ ಸುತ್ತಿನ ಭತ್ತದ ಸೀಮೆಯಲ್ಲಿ ಹಳೇ ಟ್ರ್ಯಾಕ್ಟರ್ ಎಂದರೆ ಷೋಕಿಯ ಸಾಮಾನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆ ರೊಜ್ಜು ಮಾಡಲು ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಕೇಜ್ ವೀಲ್ ಕಟ್ಟಿಕೊಂಡು ಕೆಸರಿನಲ್ಲಿ ತಿರುಗುವ ಗಾಡಿಗಳಲ್ಲಿ ಇಪ್ಪತ್ತು, ಮೂವತ್ತು ವರ್ಷ ದಾಟಿದವು ಬೇಕಾದಷ್ಟಿವೆ. ಕೊಯ್ಲಿನ ಕಾಲಕ್ಕೆ ಅವೇ ಗಾಡಿಗಳು ಧೂಳಿನ ನಡುವೆ ಭತ್ತದ ಚೀಲ ಹೇರಿಕೊಂಡು ರೈಸ್ ಮಿಲ್ಲಿಗೆ ಹೋಗುತ್ತವೆ. ಹಂಗಾಮಿನ ನಡುವೆ ಎಂಜಿನ್ ಹಿಡಿದುಕೊಂಡರೆ ಹೋಗುವುದು ರಿಪೇರಿ ಹಣ ಮಾತ್ರವಲ್ಲ, ನಾಟಿಯ ಹದವೂ ಹೋಗುತ್ತದೆ.

ಈ ಹಳೇ ಗಾಡಿಗಳ ವಂಶಾವಳಿ ಕೂಡ ಸ್ವಾರಸ್ಯವಾದದ್ದು. ಮಹೀಂದ್ರಾದ 275 ಎಂಬ ಸಂಖ್ಯೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅದರ ಮೂಲ ಇಂಗ್ಲೆಂಡಿನಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಮಾಡುತ್ತಿದ್ದ ಬಿ-275. 1963ರಲ್ಲಿ ಮಹೀಂದ್ರಾ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ ಕಂಪನಿ ಕಟ್ಟಿ ಅದನ್ನು ಇಲ್ಲಿಗೆ ತಂದವು. ನಾಲ್ಕು ಸಿಲಿಂಡರ್, 144 ಘನ ಅಂಗುಲ ಅಂದರೆ ಸುಮಾರು 2.36 ಲೀಟರ್, 35 ಅಶ್ವಶಕ್ತಿ. ಬೆಂಗಳೂರಿನ ಎಚ್‌ಎಂಟಿ 1971ರಿಂದ ಝೆಟರ್ ತಂತ್ರಜ್ಞಾನದ ಟ್ರ್ಯಾಕ್ಟರ್‌ಗಳನ್ನು ಹರಿಯಾಣದ ಪಿಂಜೋರ್‌ನಲ್ಲಿ ಮಾಡುತ್ತಿತ್ತು. ಆ ಘಟಕ ಮುಚ್ಚಿ ವರ್ಷಗಳಾದವು, ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಇಂಥವುಗಳ ಮಾಲೀಕರಿಗೆ ಕಂಪನಿಯ ಸರ್ವಿಸ್ ಸೆಂಟರ್‌ಗಿಂತ ಫಾರ್ವರ್ಡ್ ಬೇಗ ಸಿಗುತ್ತದೆ.

ತಲೆಗೆ ಆಯಿಲ್ ಹೋಗುವುದು ಹೇಗೆ?

ಎಂಜಿನ್‌ನ ಕೆಳಗೆ ಚೇಂಬರ್, ಅದರಲ್ಲಿ ಆಯಿಲ್. ಒಂದು ಪಂಪ್ ಅದನ್ನು ಜಾಲರಿಯ ಮೂಲಕ ಎಳೆದು, ಫಿಲ್ಟರ್ ದಾಟಿಸಿ, ಬ್ಲಾಕ್‌ನ ಉದ್ದಕ್ಕೆ ಕೊರೆದ ಮುಖ್ಯ ದಾರಿಗೆ ತಳ್ಳುತ್ತದೆ. ಅಲ್ಲಿಂದ ಮೊದಲ ಪಾಲು ಕ್ರ್ಯಾಂಕ್‌ನ ಮೇನ್ ಬೇರಿಂಗ್‌ಗಳಿಗೆ, ಅವುಗಳ ಮೂಲಕ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳಿಗೆ. ಆಮೇಲೆ ಕ್ಯಾಮ್‌ಶಾಫ್ಟ್‌ಗೆ. ಕಟ್ಟಕಡೆಯ ಪಾಲು ಸಣ್ಣ ರಂಧ್ರದಲ್ಲಿ ಹೆಡ್ ಹತ್ತಿ, ಪೊಳ್ಳಾದ ರಾಕರ್ ಶಾಫ್ಟ್ ಒಳಗೆ ಸೇರಿ, ಒಂದೊಂದು ರಾಕರ್‌ನ ಕೆಳಗೂ ಜಿನುಗಿ, ವಾಲ್ವ್ ತುದಿ ಮತ್ತು ಪುಶ್ ರಾಡ್ ಒದ್ದೆ ಮಾಡಿ, ಮತ್ತೆ ಚೇಂಬರ್‌ಗೆ ಇಳಿಯುತ್ತದೆ.

ಕಾಲುವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಕರ್ ಎಂದರೆ ಟೇಲ್ ಎಂಡ್ ರೈತ. ಮೇಲಿನವರದು ಮುಗಿದು ಉಳಿದರೆ ಅವನಿಗೆ ನೀರು. ಕಾಲುವೆಯಲ್ಲಿ ಹೂಳು ತುಂಬಿದರೂ, ನಡುವೆ ಸೋರಿದರೂ, ಡ್ಯಾಮ್‌ನಲ್ಲಿ ಮಟ್ಟ ಇಳಿದರೂ ಮೊದಲು ಒಣಗುವುದು ಅವನ ಗದ್ದೆಯೇ.

ಆದರೆ ಎಂಜಿನ್ ಮಾಡಿದವರು ಈ ಸರದಿಯನ್ನು ಬೇಕೆಂದೇ ಹೀಗೆ ಇಟ್ಟಿದ್ದಾರೆ. ಕ್ರ್ಯಾಂಕ್ ಬೇರಿಂಗ್ ಮೇಲೆ ಬೀಳುವುದು ಪಿಸ್ಟನ್‌ನ ಪೂರ್ತಿ ಹೊಡೆತ. ಅದಕ್ಕೆ ಒತ್ತಡದ ಆಯಿಲ್ ಎಡೆಬಿಡದೆ ಬೇಕು. ರಾಕರ್ ಪೂರ್ತಿ ಸುತ್ತುವ ಭಾಗವಲ್ಲ, ತೊಟ್ಟಿಲಿನಂತೆ ಸ್ವಲ್ಪ ತೂಗುತ್ತದೆ ಅಷ್ಟೇ. ಅದಕ್ಕೆ ತೊಟ್ಟಿಕ್ಕುವಷ್ಟು ಸಾಕು. ಎಷ್ಟು ಸಾಕು ಎಂದರೆ, ಹಿಂದಿನ ಕಾಲದ ಲಿಸ್ಟರ್ ಮಾದರಿಯ ನಿಧಾನಗತಿಯ ಡೀಸೆಲ್ ಎಂಜಿನ್‌ಗಳಲ್ಲಿ ರಾಕರ್‌ಗೆ ಪಂಪಿನ ಆಯಿಲ್ ಇರಲೇ ಇಲ್ಲ. ನಡೆಸುವವನೇ ಎಣ್ಣೆಗಿಂಡಿ ಹಿಡಿದು ನಾಲ್ಕು ಹನಿ ಬಿಡುತ್ತಿದ್ದ, ಅಷ್ಟರಲ್ಲೇ ಅವು ವರ್ಷಗಟ್ಟಲೆ ನೀರೆತ್ತಿದವು.

ಇನ್ನೂ ಒಂದು ವಿಷಯ. ಹಲವು ಹಳೇ ಎಂಜಿನ್‌ಗಳಲ್ಲಿ ಮೇಲಿನ ಆಯಿಲ್ ನೇರವಾಗಿ ಹೋಗುವುದೇ ಇಲ್ಲ. ಅದು ಕ್ಯಾಮ್‌ಶಾಫ್ಟ್‌ನ ಒಂದು ಬೇರಿಂಗ್ ಮೂಲಕ ದಾಟುತ್ತದೆ. ಶಾಫ್ಟ್ ತಿರುಗಿ ಅದರ ರಂಧ್ರ ಅಥವಾ ಗೀರು ಬ್ಲಾಕ್‌ನ ರಂಧ್ರದ ಎದುರು ಬಂದಾಗ ಮಾತ್ರ ಒಂದು ಗುಟುಕು ಮೇಲಕ್ಕೆ ಹೋಗುತ್ತದೆ. ಅಂಥ ಎಂಜಿನ್‌ನಲ್ಲಿ ಆಯಿಲ್ ಬಿಟ್ಟು ಬಿಟ್ಟು ಬರುವುದು ಸಹಜ. ಅದನ್ನು ಕಂಡು ಪಂಪ್ ಹೋಗಿದೆ ಎಂದುಕೊಳ್ಳಬೇಡಿ.

ಯೆಜ್ಡಿ, ಜಾವಾ ಇರುವವರಿಗೆ ಒಂದು ಮಾತು: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಆ ಟೂ ಸ್ಟ್ರೋಕ್ ಗಾಡಿಗಳಿಗೆ ಈ ಲೇಖನ ಸಂಬಂಧಿಸಿದ್ದಲ್ಲ. ಅವುಗಳಲ್ಲಿ ವಾಲ್ವೂ ಇಲ್ಲ, ರಾಕರೂ ಇಲ್ಲ. ಪೆಟ್ರೋಲ್ ಜೊತೆ ಬೆರೆಸಿದ ಆಯಿಲೇ ಎಲ್ಲವನ್ನೂ ನೋಡಿಕೊಳ್ಳುತ್ತದೆ.

ತಾಮ್ರದ ಪೈಪ್: ನಿಜ ಎಷ್ಟು, ಸುಳ್ಳು ಎಷ್ಟು?

ಈ ಉಪಾಯ ಯಾರೋ ಗ್ಯಾರೇಜಿನಲ್ಲಿ ಕುಳಿತು ಕಟ್ಟಿದ ಕಥೆಯಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪನಿ 1954ರಲ್ಲಿ ವೈ-ಬ್ಲಾಕ್ ಎಂಬ ವಿ-8 ಎಂಜಿನ್ ತಂದಿತು. ಅದರಲ್ಲಿ ರಾಕರ್‌ಗೆ ಹೋಗುವ ಆಯಿಲ್ ಕ್ಯಾಮ್‌ಶಾಫ್ಟ್‌ನ ನಡುವಿನ ಬೇರಿಂಗ್ ದಾಟಿ ಹೋಗಬೇಕಿತ್ತು. ಬೇರಿಂಗ್ ಸವೆದಂತೆ, ಗಸಿ ಕಟ್ಟಿದಂತೆ ಮೇಲ್ಭಾಗ ಒಣಗತೊಡಗಿತು. ಆಗ ಅಂಗಡಿಗಳಲ್ಲಿ ಹೊರಗಿನಿಂದ ಪೈಪ್ ಎಳೆದು ರಾಕರ್‌ಗೆ ಆಯಿಲ್ ಕೊಡುವ ಕಿಟ್‌ಗಳು ಮಾರಾಟಕ್ಕೆ ಬಂದವು. ನಮ್ಮ ಹಳೇ ಕಾಸ್ಟ್ ಐರನ್ ಬುಲೆಟ್‌ನಲ್ಲಂತೂ ಕಂಪನಿಯೇ ಹೊರಗಿನ ಸಣ್ಣ ಪೈಪ್‌ಗಳ ಮೂಲಕ ಹೆಡ್‌ಗೆ ಆಯಿಲ್ ಕಳಿಸುತ್ತಿತ್ತು. ಹೀಗಾಗಿ ಪೈಪ್ ಎಂಬ ಕಲ್ಪನೆಯೇ ತಪ್ಪು ಎನ್ನಲಾಗದು. ಬುಲೆಟ್‌ನ ಪಂಪನ್ನು ಆ ಪೈಪ್ ಲೆಕ್ಕದಲ್ಲಿಟ್ಟೇ ಮಾಡಿದ್ದಾರೆ, ನಿಮ್ಮ ಟ್ರ್ಯಾಕ್ಟರ್‌ನ ಪಂಪನ್ನು ಹಾಗೆ ಮಾಡಿಲ್ಲ ಎಂಬುದೇ ವ್ಯತ್ಯಾಸ.

ಆಯಿಲ್ ಪಂಪ್ ಎಂಬುದು ಒತ್ತಡ ಹುಟ್ಟಿಸುವ ಯಂತ್ರವಲ್ಲ, ಆಯಿಲ್ ಸಾಗಿಸುವ ಯಂತ್ರ. ಒಂದು ಸುತ್ತಿಗೆ ಇಷ್ಟು ಎಂದು ಅಳೆದು ತಳ್ಳುತ್ತದೆ. ಮುಂದೆ ಇಕ್ಕಟ್ಟಾದ ದಾರಿಗಳು ತಡೆಯುವುದರಿಂದ ಒತ್ತಡ ಏಳುತ್ತದೆ. ಆ ದಾರಿಯಲ್ಲಿ ನೀವು ತೆರೆದ ಬಾಯಿಯ ಪೈಪೊಂದನ್ನು ಕೂಡಿಸಿದರೆ ಆಯಿಲ್ ಸುಲಭದ ದಾರಿ ಹಿಡಿಯುತ್ತದೆ. ಕಾಲುವೆಯ ತಲೆಯಲ್ಲೇ ತೂತು ಹೊಡೆದಂತೆ. ಒಳರಂಧ್ರ 4 ಮಿಲಿಮೀಟರ್ ಇರುವ ಪೈಪ್‌ನ ಬಾಯಿ, 1 ಮಿಲಿಮೀಟರ್ ರಂಧ್ರಕ್ಕಿಂತ 16 ಪಟ್ಟು ದೊಡ್ಡದು. ಹೊಸ ಎಂಜಿನ್‌ನ ಪಂಪ್ ಹೇಗೋ ತಾಳಿಕೊಂಡೀತು. ಸವೆದ ಪಂಪ್, ಸಡಿಲಾದ ಬೇರಿಂಗ್, ಕಾದು ನೀರಾದ ಆಯಿಲ್, ಮೇಲೆ ಸ್ಲೋ ಸ್ಪೀಡ್, ಇಷ್ಟೂ ಕೂಡಿದ ಹಳೇ ಎಂಜಿನ್‌ನಲ್ಲಿ ಮೇನ್ ಬೇರಿಂಗ್‌ನ ಒತ್ತಡ ಕುಸಿಯುತ್ತದೆ. ಮೇಲಿನ ಟಕ್ ಟಕ್ ನಿಲ್ಲುತ್ತದೆ, ಮಾಲೀಕನಿಗೆ ಸಮಾಧಾನವಾಗುತ್ತದೆ, ಕೆಳಗೆ ಕ್ರ್ಯಾಂಕ್ ಸವೆಯತೊಡಗುತ್ತದೆ. ರಾಕರ್ ಶಾಫ್ಟ್ ಬದಲಿಸುವುದು ಎಂಜಿನ್ ಇಳಿಸದೆ ಮೇಲಿಂದಲೇ ಮುಗಿಯುವ ಕೆಲಸ. ಕ್ರ್ಯಾಂಕ್ ಗ್ರೈಂಡಿಂಗ್ ಎಂದರೆ ಪೂರ್ತಿ ಎಂಜಿನ್ ಬಿಚ್ಚಬೇಕು.

ಹೆಚ್ಚು ಆಯಿಲ್‌ನಿಂದ ಮೇಲ್ಭಾಗಕ್ಕಾದರೂ ಒಳ್ಳೆಯದೇ? ಅದೂ ಇಲ್ಲ. ಹಳೇ ಎಂಜಿನ್‌ಗಳಲ್ಲಿ ಎಷ್ಟೋ ಸಲ ವಾಲ್ವ್ ಸೀಲ್ ಇರುವುದಿಲ್ಲ, ಇದ್ದರೂ ಗಟ್ಟಿಯಾಗಿ ಒಡೆದಿರುತ್ತದೆ. ರಾಕರ್ ಬಾಕ್ಸ್‌ನಲ್ಲಿ ಆಯಿಲ್ ನಿಂತರೆ ವಾಲ್ವ್ ಗೈಡ್ ಸಂದಿಯಲ್ಲಿ ಸಿಲಿಂಡರ್‌ಗೆ ಇಳಿದು ಉರಿಯುತ್ತದೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಏಳುತ್ತದೆ. ಅದನ್ನು ನೋಡಿ ಪಿಸ್ಟನ್ ರಿಂಗ್ ಹೋಗಿದೆ ಎಂದು ಹಾಫ್ ಎಂಜಿನ್ ಕೆಲಸ ಮಾಡಿಸುವವರೂ ಇದ್ದಾರೆ. ಇನ್ನು ತಾಮ್ರದ ಗುಣ ಬೇರೆ. ಅದು ಅದುರಿ ಅದುರಿ ಪೆಡಸಾಗುತ್ತದೆ, ಒಂದು ದಿನ ತಿರುಪಿನ ಬುಡದಲ್ಲಿ ಸೀಳುತ್ತದೆ. ಉಳುವಾಗ ಸೀಳಿದರೆ ಡ್ರೈವರ್ ಗೇಜ್ ನೋಡುವಷ್ಟರಲ್ಲಿ ಚೇಂಬರ್ ಬರಿದು.

ಹಾಗಾದರೆ ಯಾವಾಗ ಪೈಪ್ ಸರಿ? ಒಳದಾರಿ ತೆರೆಯಲು ಸಾಧ್ಯವೇ ಇಲ್ಲ, ಕ್ಯಾಮ್ ಬೇರಿಂಗ್ ಬದಲಿಸಲು ಬಿಡಿಭಾಗ ಸಿಗುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ, ಕೊನೆಯ ಉಪಾಯವಾಗಿ. ಆಗಲೂ ಪೈಪ್‌ನ ದಾರಿಯಲ್ಲಿ ಸೂಜಿರಂಧ್ರದಂಥ ಜೆಟ್ ಇರಲೇಬೇಕು, ಪೈಪನ್ನು ಬ್ಲಾಕ್‌ಗೆ ಕ್ಲಿಪ್ ಹಾಕಿ ಹಿಡಿಸಬೇಕು, ನಡುವೆ ಬಳುಕುವ ಹೋಸ್ ಇರಬೇಕು. ಎಂಜಿನ್ ಪೂರ್ತಿ ಕಾದಾಗ, ಸ್ಲೋ ಸ್ಪೀಡ್‌ನಲ್ಲಿ, ಗೇಜ್ ಮುಳ್ಳು ಮೊದಲಿದ್ದಲ್ಲೇ ನಿಲ್ಲಬೇಕು. ಇಳಿದರೆ ಪೈಪ್ ತೆಗೆಯಿರಿ.

ಮೊದಲು ಮಾಡಬೇಕಾದ್ದು: ಕವರ್ ಬಿಚ್ಚಿ ನೋಡುವುದು

ಟಕ್ ಟಕ್ ಸದ್ದು ಬಂದ ಮಾತ್ರಕ್ಕೆ ಆಯಿಲ್ ಇಲ್ಲ ಎಂದಲ್ಲ. ಟ್ಯಾಪೆಟ್ ಗ್ಯಾಪ್ ಹೆಚ್ಚಾಗಿದ್ದರೂ ಅದೇ ಸದ್ದು. ಫೀಲರ್ ಗೇಜ್ ಹಾಕಿ, ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದ ಅಳತೆಗೆ ತಂದ ಮೇಲೂ ಸದ್ದು ಉಳಿದರೆ ಮುಂದಿನ ಪರೀಕ್ಷೆ.

ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಎಂಜಿನ್ ಬಿಸಿಯಾಗಲಿ. ಟ್ಯಾಪೆಟ್ ಕವರ್ ತೆಗೆದು ಸ್ಲೋನಲ್ಲಿ ಓಡಿಸಿ ಒಂದೆರಡು ನಿಮಿಷ ಸುಮ್ಮನೆ ನೋಡಿ. ಪಂಚೆ, ಟವೆಲ್, ಸೆರಗು ಫ್ಯಾನ್ ಬೆಲ್ಟ್‌ನಿಂದ ದೂರವಿರಲಿ. ಪ್ರತಿಯೊಂದು ರಾಕರ್ ಬುಡದಲ್ಲೂ ಆಯಿಲ್ ಜಿನುಗಿ ಹೊಳೆಯಬೇಕು. ಕಾರಂಜಿ ಬೇಕಿಲ್ಲ. ಹಳೇ ಬುಲೆಟ್ ಆದರೆ ಹೆಡ್‌ಗೆ ಬರುವ ಪೈಪ್‌ನ ಬೋಲ್ಟನ್ನು ಸ್ಲೋನಲ್ಲಿ ಒಂದು ಸುತ್ತು ಸಡಿಲಿಸಿದರೆ ಸಾಕು, ಆಯಿಲ್ ಬರುತ್ತಿದ್ದರೆ ಅಲ್ಲೇ ಒಸರುತ್ತದೆ. ಆಮೇಲೆ ತಾಮ್ರದ ವಾಷರ್ ಸರಿಯಿದೆಯೇ ನೋಡಿ ಬಿಗಿಯಿರಿ.

ಒಂದು ತುದಿಯ ರಾಕರ್‌ಗಳು ಒದ್ದೆ, ಇನ್ನೊಂದು ತುದಿಯವು ಒಣ ಎಂದರೆ ತೊಂದರೆ ಪಂಪಿನದಲ್ಲ, ಶಾಫ್ಟ್‌ನದು. ಒಳಗೆ ಗಸಿ ಕಟ್ಟಿದೆ, ಇಲ್ಲವೇ ಮೊದಲ ರಾಕರ್‌ಗಳ ಬುಷ್ ಸವೆದು ಆಯಿಲೆಲ್ಲ ಅಲ್ಲೇ ಸೋರಿಹೋಗುತ್ತಿದೆ. ಶಾಫ್ಟ್ ಹೊರತೆಗೆದಾಗ ಅದರ ಕೆಳಬದಿಗೆ ಉಗುರು ಎಳೆದು ನೋಡಿ. ವಾಲ್ವ್ ಸ್ಪ್ರಿಂಗ್ ಮತ್ತು ಪುಶ್ ರಾಡ್ ಎರಡೂ ರಾಕರನ್ನು ಮೇಲಕ್ಕೆ ಒತ್ತುವುದರಿಂದ ಸವೆತ ಕಾಣುವುದು ಕೆಳಬದಿಯಲ್ಲೇ. ಮೇಲಿನಿಂದ ನೋಡಿ ಶಾಫ್ಟ್ ಚೆನ್ನಾಗಿದೆ ಎಂದು ತಿರುಗಿ ಹಾಕುವುದು ಗ್ಯಾರೇಜ್‌ಗಳಲ್ಲಿ ಮಾಮೂಲು.

ಎಲ್ಲವೂ ಒಣಗಿದ್ದರೆ ತಡೆ ಕೆಳಗಿದೆ. ಮೆಕ್ಯಾನಿಕ್ ಶಾಫ್ಟ್ ಮತ್ತು ಪುಶ್ ರಾಡ್ ತೆಗೆದು, ಡೀಸೆಲ್ ಬಂದ್ ಮಾಡಿ, ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿದಾಗ ಹೆಡ್‌ನ ರಂಧ್ರದಲ್ಲಿ ಆಯಿಲ್ ಉಕ್ಕುತ್ತದೆಯೇ ನೋಡಬೇಕು. ಉಕ್ಕಿದರೆ ಶಾಫ್ಟ್ ಕಟ್ಟಿದೆ. ಉಕ್ಕದಿದ್ದರೆ ಹೆಡ್ ದಾರಿ, ಗ್ಯಾಸ್ಕೆಟ್, ಕ್ಯಾಮ್ ಬೇರಿಂಗ್ ಎಂದು ಕೆಳಕ್ಕೆ ಹುಡುಕುತ್ತ ಹೋಗಬೇಕು.

ಇತ್ತೀಚೆಗೆ ಹೆಡ್ ಕೆಲಸ ಆಗಿದ್ದ ಎಂಜಿನ್ ಆದರೆ ಅನುಮಾನ ಮೊದಲು ಕೈಕೆಲಸದ ಮೇಲಿರಲಿ. ಗ್ಯಾಸ್ಕೆಟ್ ತಿರುಗುಮುರುಗಾಗಿ ಆಯಿಲ್ ರಂಧ್ರ ಮುಚ್ಚಿರಬಹುದು. ಸಿಲಿಕಾನ್ ಗಮ್ ಧಾರಾಳವಾಗಿ ಮೆತ್ತಿ ಅದರ ಚೂರು ದಾರಿಯಲ್ಲಿ ಕೂತಿರಬಹುದು. ರಾಕರ್ ಶಾಫ್ಟ್ ಹಿಡಿಯುವ ಕಂಬಗಳಲ್ಲಿ ಸಾಮಾನ್ಯವಾಗಿ ಒಂದಕ್ಕೆ ಮಾತ್ರ ಆಯಿಲ್ ರಂಧ್ರ ಇರುತ್ತದೆ, ಅದು ಬೇರೆ ಜಾಗದಲ್ಲಿ ಕೂತರೆ ಎಂಜಿನ್ ಹೊಸದಾದರೂ ಮೇಲಕ್ಕೆ ಹನಿ ಬಾರದು. ಶಾಫ್ಟ್‌ನ ರಂಧ್ರಗಳಿಗೂ ದಿಕ್ಕಿದೆ. ಬಿಚ್ಚುವ ಮೊದಲು ಪಂಚ್‌ನಿಂದ ಗುರುತು ಹಾಕಿಸಿ, ಇಲ್ಲವೇ ನಿಮ್ಮ ಮೊಬೈಲ್‌ನಲ್ಲಿ ನಾಲ್ಕು ಫೋಟೊ ತೆಗೆದಿಟ್ಟುಕೊಳ್ಳಿ. ಫಾರ್ವರ್ಡ್‌ಗಿಂತ ಆ ಫೋಟೊ ಉಪಯೋಗಕ್ಕೆ ಬರುತ್ತದೆ.

ಗಸಿ ಎಷ್ಟು ದೊಡ್ಡ ಶತ್ರು?

1840ರ ದಶಕದಲ್ಲಿ ಫ್ರಾನ್ಸಿನ ಪ್ವಾಸೇಯ್ ಎಂಬ ವೈದ್ಯ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ತಿಳಿಯಲು ಹೊರಟು, ತೆಳು ಗಾಜಿನ ಕೊಳವೆಗಳಲ್ಲಿ ದ್ರವದ ಹರಿವನ್ನು ಅಳೆದ. ಅವನಿಗೆ ಸಿಕ್ಕ ನಿಯಮ ರಾಕರ್ ದಾರಿಗೂ ಹೊಂದುತ್ತದೆ. ಕೊಳವೆಯ ವ್ಯಾಸ ಅರ್ಧಕ್ಕೆ ಇಳಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಭಾಗವಾಗುತ್ತದೆ. ಅಂದರೆ ರಂಧ್ರ ಪೂರ್ತಿ ಮುಚ್ಚಬೇಕಿಲ್ಲ. ಗೋಡೆಗೆ ತೆಳ್ಳಗೆ ಗಸಿ ಮೆತ್ತಿಕೊಂಡರೂ ಟೇಲ್ ಎಂಡ್ ಒಣಗುತ್ತದೆ. ಅದೇ ನಿಯಮದ ಇನ್ನೊಂದು ಮುಖ: ಆಯಿಲ್ ಎರಡರಷ್ಟು ಮಂದವಾದರೆ ಅದೇ ಒತ್ತಡದಲ್ಲಿ ಹರಿವು ಅರ್ಧಕ್ಕೆ ಇಳಿಯುತ್ತದೆ.

ದಪ್ಪ ಆಯಿಲ್ ಎಂಬ ಸಲಹೆ ಎಡವುವುದು ಇಲ್ಲೇ. ದಪ್ಪ ಆಯಿಲ್ ಹಾಕಿದಾಗ ಗೇಜ್ ಮುಳ್ಳು ಮೇಲೇಳುತ್ತದೆ, ನಿಜ. ಆದರೆ ಗೇಜ್ ಅಳೆಯುವುದು ಕೆಳಗಿನ ಮುಖ್ಯ ದಾರಿಯ ಒತ್ತಡವನ್ನು. ಮೇಲಿನ ಇಕ್ಕಟ್ಟಿನ ದಾರಿಯಲ್ಲಿ ಎಷ್ಟು ಹರಿಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಅತಿ ಮಂದ ಆಯಿಲ್ ಫಿಲ್ಟರ್ ದಾಟಲಾರದೆ ಬೈಪಾಸ್ ವಾಲ್ವ್ ತೆರೆದು, ಸೋಸದೇ ಒಳಗೆ ಹೋಗುವುದೂ ಉಂಟು. ಡಬ್ಬದ ಮೇಲಿನ 15ಡಬ್ಲ್ಯು-40 ಎಂಬುದರಲ್ಲಿ ಕೊನೆಯ 40 ಎಂದರೆ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆಯಿಲ್‌ನ ಮಂದತೆ 12.5ರಿಂದ 16.3 ಸೆಂಟಿಸ್ಟೋಕ್ಸ್ ನಡುವೆ ಇದೆ ಎಂದು. 50 ಆದರೆ 16.3ರಿಂದ 21.9. ಸವೆದ ಎಂಜಿನ್‌ಗೆ, ನಮ್ಮ ಬೇಸಿಗೆಗೆ, ಪುಸ್ತಕ ಒಪ್ಪಿದರೆ 50 ಹಾಕಬಹುದು. ಅದಕ್ಕೂ ಮೇಲೆ ಹೋಗಬೇಡಿ.

ಗೇರ್ ಆಯಿಲ್ ಬೆರೆಸುವವರಿಗೆ ಒಂದು ಅಚ್ಚರಿ. 90 ನಂಬರ್ ಗೇರ್ ಆಯಿಲ್ ಎಂದರೆ 40ರ ಎರಡರಷ್ಟು ದಪ್ಪ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಗೇರ್ ಆಯಿಲ್‌ಗೆ ಅಳತೆಪಟ್ಟಿಯೇ ಬೇರೆ. 90ರ ಗೇರ್ ಆಯಿಲ್ ಸುಮಾರಾಗಿ 40–50ರ ಎಂಜಿನ್ ಆಯಿಲ್‌ನಷ್ಟೇ ಮಂದ. ದಪ್ಪ ಸಿಗಲಿಲ್ಲ, ಬದಲಿಗೆ ಗೇರ್ ಹಲ್ಲಿಗಾಗಿ ಸೇರಿಸಿದ ಗಂಧಕದ ರಾಸಾಯನಿಕಗಳು ಎಂಜಿನ್ ಶಾಖದಲ್ಲಿ ರಾಕರ್‌ನ ಕಂಚಿನ ಬುಷ್‌ಗಳನ್ನು ತಿನ್ನಬಲ್ಲವು.

ಹರಳೆಣ್ಣೆ, ನಮ್ಮ ಕಡೆಯ ಔಡಲೆಣ್ಣೆ, ಮಾತ್ರ ಪೂರ್ತಿ ಕಟ್ಟುಕಥೆಯಲ್ಲ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳು ಅದರಿಂದಲೇ ಹಾರಿದವು. ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲಿ ಅಡಗಿರುವುದೂ ಅದೇ ಎಣ್ಣೆ. ಅದರ ಜಾರುಗುಣ ಒಳ್ಳೆಯದೇ. ಆದರೆ ಬಿಸಿಗೆ ಅದು ಅಂಟಾಗಿ, ಆಮೇಲೆ ಮೆರುಗೆಣ್ಣೆಯಂತೆ ಗಟ್ಟಿಯಾಗುತ್ತದೆ, ಈಗಿನ ಖನಿಜ ಆಯಿಲ್ ಜೊತೆ ಸರಿಯಾಗಿ ಬೆರೆಯುವುದಿಲ್ಲ. ಆ ವಿಮಾನಗಳ ಎಂಜಿನ್‌ಗಳನ್ನು ಕೆಲವೇ ಗಂಟೆಗಳ ಹಾರಾಟಕ್ಕೊಮ್ಮೆ ಬಿಚ್ಚಿ ತೊಳೆಯುತ್ತಿದ್ದರು. ನಿಮ್ಮ ರಾಕರ್ ದಾರಿಯನ್ನು ಯಾರು ತೊಳೆಯುತ್ತಾರೆ?

ಸೀಮೆಎಣ್ಣೆ, ಡೀಸೆಲ್ ಹಾಕಿ ಓಡಿಸಿ ತೊಳೆಯುವುದು ಇವೆಲ್ಲದರಲ್ಲೂ ಕೆಟ್ಟದ್ದು. ಆಯಿಲ್ ತೆಳುವಾಗಿ ಬೇರಿಂಗ್‌ನ ಪದರ ಹರಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ವರ್ಷಗಳಿಂದ ಮೂಲೆಯಲ್ಲಿ ಸುಮ್ಮನೆ ಮಲಗಿದ್ದ ಗಸಿ ಒಮ್ಮೆಲೇ ಹೆಪ್ಪಾಗಿ ಕಿತ್ತುಬಂದು ಪಂಪಿನ ಜಾಲರಿಗೆ ಕೂರುತ್ತದೆ. ನಿನ್ನೆ ತೊಳೆದ ಎಂಜಿನ್ ಇವತ್ತು ಹಿಡಿದುಕೊಂಡಿತು ಎಂಬ ಗೋಳು ಹುಟ್ಟುವುದು ಹೀಗೆ.

ಸರಿಯಾದ ಕ್ರಮ ನಿಧಾನದ್ದು. ಚೇಂಬರ್ ಇಳಿಸಿ ಕೈಯಿಂದ ಒರೆಸಿ, ಜಾಲರಿ ಬಿಚ್ಚಿ ತೊಳೆಯಿರಿ. ರಾಕರ್ ಶಾಫ್ಟ್‌ನ ತುದಿಯ ಬಿರಡೆ ತೆಗೆದು, ತಂತಿ ಆಡಿಸಿ, ಹೊರಗೇ ಡೀಸೆಲ್‌ನಲ್ಲಿ ಅದ್ದಿ, ಗಾಳಿ ಊದಿಸಿ. ಹೊಸ ಫಿಲ್ಟರ್ ಹಾಕಿ, ಒಳ್ಳೆಯ ಡೀಸೆಲ್ ಎಂಜಿನ್ ಆಯಿಲ್ ತುಂಬಿ. ಡಬ್ಬದ ಮೇಲೆ ಎಪಿಐ ಗುರುತು ‘ಸಿ’ ಅಕ್ಷರದಿಂದ ಶುರುವಾಗಿರಬೇಕು. ಆ ಮೊದಲ ಆಯಿಲನ್ನು ಮಾಮೂಲಿ ಅವಧಿಯ ಕಾಲು ಭಾಗಕ್ಕೇ ಫಿಲ್ಟರ್ ಸಮೇತ ಬದಲಿಸಿ. ಈಗಿನ ಆಯಿಲ್‌ನಲ್ಲಿರುವ ಕೊಳೆ ಬಿಡಿಸುವ ಗುಣವೇ ಉಳಿದ ಗಸಿಯನ್ನು ಚೂರುಚೂರಾಗಿ ಹೊರತರುತ್ತದೆ. ಅದು ಬೇಗ ಕಪ್ಪಾದರೆ ಗಾಬರಿ ಬೇಡ. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಕಪ್ಪಾಗುವುದು ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ತೇಲಿಸಿಕೊಂಡಿದೆ ಎಂಬುದಕ್ಕೆ ಗುರುತು.

ಭತ್ತದ ಸೀಮೆಗೆ ಇನ್ನೆರಡು ಮಾತು ಸೇರಿಸಬೇಕು. ಕೊಯ್ಲಿನ ಹೊತ್ತಿಗೆ ಹೊಟ್ಟು ರೇಡಿಯೇಟರ್‌ಗೆ ಮೆತ್ತಿ ಎಂಜಿನ್ ಕಾದಾಗ ಹೆಡ್‌ನಲ್ಲಿ ನಿಂತ ಆಯಿಲ್ ಸೀದು ಗಸಿಯಾಗುತ್ತದೆ. ಆಯಿಲ್ ಬಾತ್ ಏರ್ ಫಿಲ್ಟರ್‌ನ ಬಟ್ಟಲು ಕೆಸರಾಗಿದ್ದರೆ ಅದೇ ಧೂಳು ಒಳಗಿಳಿದು ಬುಷ್ ಸವೆಸುತ್ತದೆ. ಸಂಜೆ ಗಾಡಿ ನಿಲ್ಲಿಸಿದಾಗ ರೇಡಿಯೇಟರ್ ಜಾಲರಿ ಬಡಿದು, ಬಟ್ಟಲು ಇಳಿಸಿ ನೋಡಲು ಹತ್ತು ನಿಮಿಷ ಸಾಕು. ಅವರ್ ಮೀಟರ್ ಕೆಟ್ಟಿದ್ದರೆ, ಹಳೇ ಗಾಡಿಗಳಲ್ಲಿ ಅದು ಕೆಟ್ಟೇ ಇರುತ್ತದೆ, ಸುಟ್ಟ ಡೀಸೆಲ್‌ನ ಲೆಕ್ಕದಿಂದ ಗಂಟೆ ಅಂದಾಜಿಸಿ ಆಯಿಲ್ ಬದಲಿಸಿದ ತಾರೀಕನ್ನು ಟೂಲ್ ಬಾಕ್ಸ್ ಮುಚ್ಚಳದ ಒಳಗೆ ಪೇಂಟ್‌ನಲ್ಲಿ ಬರೆದಿಡಿ. ಮುಂದಿನ ಸಲ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆ ಅದೇ.